ಕಾದ ಹೊತ್ತಿನ ಲೆಕ್ಕ ಬಲ್ಲ ಸೆಕೆಂಡಮ್ಮ

ಬೆಳಕು ಹರಿಯುವ ಮುನ್ನವೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬರು ಸ್ವೆಟರ್ ತೊಟ್ಟು ಕೂತಿದ್ದಾರೆ. ಹೊರಗೆ ಸೆಕೆ, ಒಳಗೆ ಕಂಪ್ಯೂಟರ್‌ಗಳಿಗಾಗಿ ಹರಿಸಿದ ಕೊರೆವ ತಂಪು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುತ್ತಾರೆ. ರೋಗಿಯ ದಾಖಲೆ ಮೂಡುತ್ತದೆ. ಅವರ ಕಣ್ಣು ಮಾತ್ರ ಉತ್ತರದ ಕೆಳಗೆ ಮೂಡುವ ಪುಟ್ಟ ಸಂಖ್ಯೆಯ ಮೇಲೆ: ಹುಡುಕಲು ಹಿಡಿದ ಸೆಕೆಂಡುಗಳು.

ಅದಕ್ಕೇ ಇಡೀ ಆಸ್ಪತ್ರೆಗೆ ಅವರು ಸೆಕೆಂಡಮ್ಮ. ನೋಂದಣಿ ಕಿಟಕಿಯಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಸಂಜೆ ತರಗತಿಗೆ ಹೋಗಿ ಡೇಟಾಬೇಸ್ ಕಲಿತರು; ಈಗ ಆಸ್ಪತ್ರೆಯ ದಾಖಲೆಗಳ ಕಂಪ್ಯೂಟರ್ ನೋಡಿಕೊಳ್ಳುವವರು ಅವರೇ. "ಹಾಲು ಉಕ್ಕೋದಕ್ಕೂ ಗಡಿಯಾರ ನೋಡ್ತಾಳೆ ನಮ್ಮ ಸೊಸೆ," ಎಂದು ಅತ್ತೆ ನಗುತ್ತಾರೆ. ಮಗಳ ಶಾಲೆಯ ಒಂದು ನಾಟಕವನ್ನೂ ಪೂರ್ತಿ ನೋಡಿಲ್ಲ ಎಂಬ ಕೊರಗು ಸೊಸೆಗಿದೆ. ಅರ್ಧಕ್ಕೇ ಆಸ್ಪತ್ರೆಯಿಂದ ಫೋನ್ ಬರುತ್ತದೆ.

ರಕ್ತನಿಧಿಯಲ್ಲಿ ಒಂದು ತಪಾಸಣೆ ಇದೆ. ಗುಂಪು ಹೊಂದಿದರೂ ಹಿಂದೆ ಕೊಟ್ಟ ರಕ್ತ ರೋಗಿಯ ಮೈಗೆ ಒಗ್ಗದೆ ಹೋಗಿತ್ತೇ ಎಂದು ಕಂಪ್ಯೂಟರ್ ಹಳೆಯ ದಾಖಲೆ ಹುಡುಕಿ ಹೇಳಬೇಕು. ಕಳೆದ ವರ್ಷ ಆ ಉತ್ತರಕ್ಕೆ ಸುಮಾರು ಒಂದು ನಿಮಿಷ ಹಿಡಿಯತೊಡಗಿತು. ಕೌಂಟರ್‌ನಲ್ಲಿ ಜನ ರೇಗಿದರು.

"ಇದನ್ನ ತೆಗೆದುಹಾಕಿಬಿಡಮ್ಮ. ಪೇಷಂಟ್ ಕಾಯೋಕಾಗಲ್ಲ," ಎಂದರು ರಕ್ತನಿಧಿಯ ವೈದ್ಯೆ.

"ಒಂದೇ ಒಂದು ದಿನ ಕೊಡಿ ಮೇಡಂ. ಇದನ್ನ ಕಿತ್ತುಹಾಕೋಕೆ ನನಗೆ ಧೈರ್ಯ ಇಲ್ಲ," ಎಂದರು ಸೆಕೆಂಡಮ್ಮ.

ಯಂತ್ರ ಹಳೆಯದಾಯಿತು, ಹೊಸದು ತರಿಸಿ ಎಂದು ಉಳಿದವರ ಸಲಹೆ. ಆದರೆ ಅದೇ ಪ್ರಶ್ನೆ ನಸುಕಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು, ಜನ ತುಂಬಿದ ಮೇಲೆ ತೆವಳುತ್ತಿತ್ತು. ಸೆಕೆಂಡಮ್ಮ ಒಮ್ಮೆ ಕೇಳಿ ಅಷ್ಟಕ್ಕೇ ಬಿಡಲಿಲ್ಲ. ಎರಡನೇ ಸಲ ಯಂತ್ರ ನೆನಪಿನಿಂದಲೇ ಬೇಗ ಹೇಳಿಬಿಡುತ್ತದೆಂದು ರೋಗಿಗಳನ್ನು ಬದಲಿಸಿ ಬದಲಿಸಿ ಕೇಳಿದರು.

"ಪರದೆ ತೋರಿಸೋದು ಬರೀ ಕೆಲಸ ಮಾಡಿದ ಹೊತ್ತಲ್ಲ, ಕಾದ ಹೊತ್ತೂ ಅದರಲ್ಲೇ ಸೇರಿರುತ್ತೆ," ಎಂದು ವಿವರಿಸುತ್ತಾರೆ. "ಅನ್ನ ಬೇಯೋದು ಬೇರೆ, ತಟ್ಟೆ ನಮ್ಮ ಮುಂದೆ ಬರೋದು ಬೇರೆ. ಇಲ್ಲಿ ಅನ್ನ ಬೆಂದಾಗಿತ್ತು. ಬಾಗಿಲಿಗೆ ಯಾರೋ ಅಡ್ಡ ನಿಂತಿದ್ರು."

ಅಡ್ಡ ನಿಂತಿದ್ದು ಲೆಕ್ಕವಿಭಾಗದ ಒಂದು ವರದಿ. ಬೆಳಿಗ್ಗೆಯ ನೂಕುನುಗ್ಗಲಲ್ಲೇ ಮತ್ತೆ ಮತ್ತೆ ಓಡುತ್ತ, ತಾನು ಮುಗಿಸುವವರೆಗೆ ರೋಗಿಗಳ ದಾಖಲೆಗೆ ಬೀಗ ಹಾಕಿಕೊಳ್ಳುತ್ತಿತ್ತು.

"ನನ್ನ ವರದಿ ನಿಲ್ಲಿಸು ಅನ್ನೋಕೆ ನೀವ್ಯಾರ್ರೀ?" ಎಂದು, ಬೆಳಿಗ್ಗೆ ಅದನ್ನು ಓಡಿಸಬೇಡಿ ಎಂದು ಕೇಳಿದ್ದಕ್ಕೆ ಲೆಕ್ಕಾಧಿಕಾರಿ ಹರಿಹಾಯ್ದರು. ಸೆಕೆಂಡಮ್ಮ ವಾದಕ್ಕಿಳಿಯದೆ ಕುರ್ಚಿ ಎಳೆದುಕೊಟ್ಟರು. "ನಿಮ್ಮ ವರದಿ ನೀವೇ ಓಡಿಸಿ ಸಾರ್. ನಾನು ಇಲ್ಲಿಂದ ರಕ್ತದ ತಪಾಸಣೆ ಕೇಳ್ತೀನಿ." ಇಬ್ಬರೂ ಪರದೆ ನೋಡುತ್ತ ಕಾದರು. ಕರ್ಸರ್ ಮಿನುಗುತ್ತಲೇ ಇತ್ತು, ಉತ್ತರ ಬರಲಿಲ್ಲ. ಅಧಿಕಾರಿ ಎದ್ದು ನಿಂತು, "ಮಧ್ಯಾಹ್ನಕ್ಕೆ ಹಾಕ್ಕೊಳ್ಳಮ್ಮ, ಬೀಗ ಬೀಳದ ಹಾಗೇನೇ ಬರೆದುಕೊಡು," ಎಂದರು.

ತಪಾಸಣೆ ಉಳಿಯಿತು.

ಕೆಲವು ವಾರಗಳ ಮೇಲೆ, ಅಪಘಾತದಲ್ಲಿ ನುಜ್ಜುಗುಜ್ಜಾದ ಲಾರಿ ಚಾಲಕನೊಬ್ಬನನ್ನು ತಂದರು. ಹೊಂದುವ ಗುಂಪಿನ ಚೀಲ ಕೈಗೆತ್ತಿಕೊಳ್ಳುವಷ್ಟರಲ್ಲಿ ಪರದೆ ಕೆಂಪಾಯಿತು: ಹಿಂದೊಮ್ಮೆ ಇಂಥದೇ ರಕ್ತಕ್ಕೆ ಅವನ ಮೈ ತಿರುಗಿಬಿದ್ದಿತ್ತು. ಆ ಚೀಲ ಅಲ್ಲೇ ಉಳಿಯಿತು, ಅವನಿಗೆ ಒಗ್ಗುವ ರಕ್ತ ಹುಡುಕಿ ಕೊಟ್ಟರು. ಬದುಕಿಕೊಂಡ. ಚಹಾದ ಹೊತ್ತಿನಲ್ಲಿ ವೈದ್ಯೆಯೇ ನೆಲಮಾಳಿಗೆಗೆ ಇಳಿದು ಬಂದು ಹೇಳಿದರು. "ಅವತ್ತು ನಿನ್ನ ಮಾತು ಕೇಳಿದ್ದು ಒಳ್ಳೇದಾಯ್ತು ಕಣಮ್ಮ." ಸೆಕೆಂಡಮ್ಮನ ಲೋಟದ ಚಹಾ ಆರಿಹೋಯಿತು.

ಆ ಚಾಲಕನನ್ನು ಅವರು ಕಂಡದ್ದು ಒಮ್ಮೆ ಮಾತ್ರ. ಊರುಗೋಲು ಹಿಡಿದು ಮರುಪರೀಕ್ಷೆಗೆ ಬಂದವನು ನೋಂದಣಿ ಕಿಟಕಿಯಲ್ಲಿ ಕೂಗಾಡುತ್ತಿದ್ದ. "ಏನ್ರೀ ಇದು, ನಿಮ್ಮ ಕಂಪ್ಯೂಟರ್ ನಿದ್ದೆ ಹೊಡೀತಿದೆಯಾ?" ಆ ಚಾಲಕ ಅವನೇ ಎಂದು ಕಿಟಕಿಯ ಗುಮಾಸ್ತೆ ಸೆಕೆಂಡಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಕರೆದು ಪರಿಚಯ ಮಾಡಿಸಲೇ ಎಂದೂ ಕೇಳಿದಳು.

ಸೆಕೆಂಡಮ್ಮ ಬೇಡವೆಂದು ಕೈಯಾಡಿಸಿದರು. "ಅಷ್ಟು ಜೋರಾಗಿ ಬೈಯೋಷ್ಟು ಗಟ್ಟಿಯಾಗಿದಾರಲ್ಲ, ಸಾಕು ಬಿಡು."