ಒಂದನೇ ನಂಬರಿನ ಹಗ್ಗ

ಇಂಥ ಕತೆ ಹೇಳುವವರನ್ನು ನಾನು ಎಷ್ಟೋ ವರ್ಷ ತಮಾಷೆ ಮಾಡಿದವನು. ಭೌತಶಾಸ್ತ್ರ ಓದಿ, ಪುತ್ತೂರಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದೇನೆ. ಆಲೆಟ್ಟಿಯ ನಮ್ಮ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಬಾಗಿಲ ಹಿಂದೆ ನಿಂತು ನಗುತ್ತಿದ್ದೆ. ‘ಕಂಡೆ’ ಎನ್ನುವವರಿಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಜೊತೆಗಿದ್ದವರೂ ಕಂಡರಾ? ಅದೇ ಪ್ರಶ್ನೆ ತಿರುಗಿ ನನ್ನ ಮೇಲೆ ಬಿತ್ತು. ಆದ್ದರಿಂದ ನನ್ನನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆ ಇಲ್ಲ.

ಕೆಲವು ವರ್ಷಗಳ ಹಿಂದೆ ಕಡಬದ ಹತ್ತಿರದ ಹಳ್ಳಿಯೊಂದರಲ್ಲಿ ಆಂಗಸ್ ಎಂಬ ಸ್ಕಾಟ್ಲೆಂಡಿನ ಮುದುಕರಿದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವರು. ಕುವೈತಿನಲ್ಲಿ ನರ್ಸ್ ಆಗಿದ್ದ ಕಡಬದ ಅನ್ನಮ್ಮನವರನ್ನು ಮದುವೆಯಾಗಿ, ನಿವೃತ್ತಿಯ ನಂತರ ಹೆಂಡತಿಯ ಊರಿಗೇ ಬಂದು ನಿಂತರು. ಅನ್ನಮ್ಮ ತೀರಿಕೊಂಡ ಮೇಲೂ ಹೋಗಲಿಲ್ಲ. ಕನ್ನಡವನ್ನು ಕಲಿತದ್ದು ಇಸ್ಮಾಯಿಲ್ ಕಾಕನ ಚಹಾದಂಗಡಿಯ ಬೆಂಚಿನ ಮೇಲೆ. ಯಾರಾದರೂ ದೊರೆ ಎಂದು ಕರೆದರೆ, “ನಾನು ದೊರೆ ಅಲ್ಲ ಮಾರಾಯ, ದೊರೆಗಳ ಹಡಗಿಗೆ ಎಣ್ಣೆ ಹಾಕಿದವ” ಎನ್ನುತ್ತಿದ್ದರು.

ಬೇರೆ ಬೇರೆ ದೇಶಗಳಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರಿಗಾಗಿ ನಡೆಯುತ್ತಿದ್ದ ಒಂದು ಇಂಟರ್ನೆಟ್ ಪತ್ರಿಕೆಗೆ ಅವರು ತಿಂಗಳಿಗೊಂದು ಲೇಖನ ಬರೆಯುತ್ತಿದ್ದರು. ತಮ್ಮ ಊರಿನ ಊಟ, ಹಾಡು, ಮದುವೆ, ಸಾವು, ಜಿಪುಣತನ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಕಣ್ಣು ಮಂಜಾದ ಮೇಲೆ ಟೈಪ್ ಮಾಡಲು ಜನ ಬೇಕಾಯಿತು. ಆಲಂಕಾರಿನಲ್ಲಿ ಬಾಡಿಗೆಗಿದ್ದ ನಾನು ಭಾನುವಾರಗಳಂದು ಹೋಗತೊಡಗಿದೆ. ಮೂರು ವರ್ಷ ಹೋದೆ. ಅವರ ಹಾಸ್ಯ ನನಗೆ ಅರ್ಥವಾಗಲು ಅದರಲ್ಲಿ ಒಂದು ವರ್ಷ ಹಿಡಿಯಿತು. ಹೇಳುವಾಗ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಅವರ ಕಡೆ ‘ಪರವಾಗಿಲ್ಲ’ ಎನ್ನುವುದೇ ದೊಡ್ಡ ಹೊಗಳಿಕೆಯಂತೆ. ಅವರ ಅಪ್ಪ ಒಮ್ಮೆ ಸೂಪು ಕುಡಿದು ಚೆನ್ನಾಗಿದೆ ಎಂದುಬಿಟ್ಟಾಗ ಅಮ್ಮ ಹೆದರಿ ಡಾಕ್ಟರನ್ನು ಕರೆಸಿದಳಂತೆ. ಇದು ತಮಾಷೆಯೋ ನಿಜವೋ ಎಂದು ನಾನು ಪ್ರತಿ ಸಲ ಕೇಳಬೇಕಾಗುತ್ತಿತ್ತು.

ಒಂದು ಲೇಖನ ಶವಪೆಟ್ಟಿಗೆಯ ಹಗ್ಗಗಳ ಬಗ್ಗೆ ಇತ್ತು. ಅವರ ಊರಿನಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವವರು ಕೆಲಸದವರಲ್ಲ, ಮನೆಯವರು. ಎಂಟು ಹಗ್ಗ. ಯಾರಿಗೆ ಯಾವುದು ಎಂದು ನಂಬರು ಬರೆದ ಚೀಟಿಯನ್ನು ಮೊದಲೇ ಕೊಡುತ್ತಾರೆ. ಒಂದನೆಯದು ತಲೆಯ ಕಡೆ, ತೀರಾ ಹತ್ತಿರದ ರಕ್ತಸಂಬಂಧಿಗೆ. ಎರಡನೆಯದು ಕಾಲಿನ ಕಡೆ. ಉಳಿದವು ಎರಡೂ ಬದಿಗೆ ಮೂರು ಮೂರು. ನಂಬರು ತಪ್ಪಿ ಕೊಟ್ಟದ್ದಕ್ಕೆ ತಲೆಮಾರುಗಟ್ಟಲೆ ಮಾತು ಬಿಟ್ಟ ಮನೆಗಳಿವೆ ಎಂದು ಬರೆಸಿದ್ದರು. ಅದನ್ನೂ ನಾನು ತಮಾಷೆ ಎಂದುಕೊಂಡಿದ್ದೆ.

ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವರು ಒಂದು ಭಾನುವಾರ ಹಳೆಯ ಮದುವೆ ಆಮಂತ್ರಣ ಕಾಗದಗಳ ಹಿಂಬದಿಯನ್ನು ಕತ್ತರಿಸಿ ಎಂಟು ಚೀಟಿ ಮಾಡಿದರು. ಎರಡನೆಯದನ್ನು ನನಗೆ ಕೊಟ್ಟರು. ಒಂದನೆಯದು ಸ್ಕಾಟ್ಲೆಂಡಿನಲ್ಲೇ ಉಳಿದಿದ್ದ ಅವರ ಅಣ್ಣ ಅಲೆಕ್‌ಗೆ. ಅಣ್ಣತಮ್ಮಂದಿರು ಮಾತಾಡದೆ ನಲವತ್ತು ವರ್ಷವಾಗಿತ್ತು. ಅವರ ಅಪ್ಪ ಸತ್ತಾಗ ಆಂಗಸ್ ಹಡಗಿನಲ್ಲಿದ್ದರು. ಬರಬಹುದಿತ್ತು, ಬರಲಿಲ್ಲ. ಅಪ್ಪನನ್ನು ಇಳಿಸುವಾಗ ಕಿರಿಯ ಮಗನ ಪಾಲಿನ ಎರಡನೇ ಹಗ್ಗ ಖಾಲಿ ಬಿದ್ದಿತ್ತು. ಅದನ್ನು ಅಲೆಕ್ ಕ್ಷಮಿಸಲಿಲ್ಲ.

ಆ ದಿನವೇ ಅಣ್ಣನಿಗೆ ಒಂದು ಪತ್ರ ಹೇಳಿ ಬರೆಸಿದರು. ಹಿಮ ಬಿದ್ದ ದಿನಗಳಲ್ಲಿ ಅಲೆಕ್ ತನ್ನನ್ನು ಬೆನ್ನ ಮೇಲೆ ಹೊತ್ತು, ಭಾರಕ್ಕೆ ಬೈಯುತ್ತಾ ಶಾಲೆಗೆ ಒಯ್ದದ್ದು ಅದರಲ್ಲಿತ್ತು. ತಪ್ಪಾಯಿತು ಎಂಬ ಮಾತೂ ಇತ್ತು. ಬಾ ಎಂದು ಕರೆದಿರಲಿಲ್ಲ. ನಂಬರು ಒಂದರ ಚೀಟಿಯನ್ನು ಒಳಗಿಟ್ಟು ಕವರು ಅಂಟಿಸಿ ನನ್ನ ಕೈಗೆ ಕೊಟ್ಟರು.

“ಅವ ಬರುದಿಲ್ಲ. ಉತ್ತರ ಬಂದ್ರೆ ಸಾಕು” ಎಂದರು. “ಆದ್ರೆ ಆ ಹಗ್ಗ ಬೇರೆ ಯಾರೂ ಮುಟ್ಟುದು ಬೇಡ ಮಾಷ್ಟ್ರೆ. ಖಾಲಿ ಇರ್ಲಿ. ಅಪ್ಪನಿಗೆ ಆದದ್ದು ನನಗೂ ಆಗ್ಲಿ.”

ಮರುದಿನ ಪುತ್ತೂರಿನಲ್ಲಿ ಅಂಚೆಗೆ ಹಾಕಬೇಕಿತ್ತು. ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿತ್ತು. ಕವರು ಸ್ಕೂಟರಿನ ಸೀಟಿನ ಕೆಳಗೆ ಉಳಿಯಿತು. ಮುಂದಿನ ಭಾನುವಾರ ಅವರು ಕೇಳಿದರು, “ಹಾಕಿದ್ರಾ?” ಹಾಕಿದೆ ಎಂದೆ. ನಾಳೆ ಹಾಕಿದರಾಯಿತು, ಸುಳ್ಳು ನಿಜವಾಗುತ್ತದೆ ಎಂದುಕೊಂಡೆ. ಅದರ ಮುಂದಿನ ಭಾನುವಾರ ಅವರು ಮಲಗಿದಲ್ಲಿಯೇ ಬೆರಳು ಮಡಚಿ ದಿನ ಎಣಿಸಿದರು. ಇಷ್ಟು ಹೊತ್ತಿಗೆ ತಲುಪಿರಬೇಕು, ಅಲ್ವಾ ಎಂದರು. ಹೌದು ಎಂದೆ. ಬುಧವಾರ ತೀರಿಕೊಂಡರು.

ಮಣ್ಣು ಮಾಡಿದ್ದು ಮರುದಿನ ಮಧ್ಯಾಹ್ನ ಮೂರು ಗಂಟೆಗೆ, ಬಿರುಬಿಸಿಲಿನಲ್ಲಿ, ಇಗರ್ಜಿಯ ಹಿಂದೆ ಅನ್ನಮ್ಮನವರ ಪಕ್ಕದಲ್ಲಿ. ಬಡಗಿಯ ಹತ್ತಿರ ಹೇಳಿ ಪೆಟ್ಟಿಗೆಗೆ ಹಗ್ಗ ಕಟ್ಟಲು ಎಂಟು ಕಬ್ಬಿಣದ ಬಳೆ ಹಾಕಿಸಿದ್ದೆವು. ಗುಂಡಿ ತೋಡಿದ ಬಾಬು ಹಗ್ಗ ನೋಡಿ, “ನಮ್ಮದು ಎರಡು ಹಗ್ಗದ ಕೆಲಸ. ಇದೆಂತ, ದೋಣಿ ಎಳೀಲಿಕ್ಕಾ?” ಎಂದ. ಕೆಳಗೆ ಮುರಕಲ್ಲು ಸಿಕ್ಕಿದ್ದರಿಂದ ತಲೆಯ ಕಡೆ ಗುಂಡಿ ಸ್ವಲ್ಪ ಇಕ್ಕಟ್ಟು, ಜಾಗ್ರತೆ ಎಂದೂ ಹೇಳಿದ. ತಲೆಯ ಎರಡು ಬದಿಗೆ ಅನ್ನಮ್ಮನವರ ತಮ್ಮ ವರ್ಗೀಸಣ್ಣ ಮತ್ತು ಇಸ್ಮಾಯಿಲ್ ಕಾಕ ನಿಂತರು. ಅವರ ನಂತರ, ಬದಿಗೆ ಇಬ್ಬಿಬ್ಬರಂತೆ, ನೆರೆಮನೆಯ ನಾಲ್ವರು. ಕಾಲಿನ ಕಡೆ ನಾನು. ನನ್ನ ಎದುರಿಗೆ, ತಲೆಯ ಕಡೆ, ಯಾರೂ ಇರಲಿಲ್ಲ. ಒಂದನೇ ಹಗ್ಗವನ್ನು ನಾನೇ ಸುತ್ತಿ ಮುಚ್ಚಳದ ಮೇಲೆ ಇಟ್ಟಿದ್ದೆ. ಅಲೆಕ್‌ಗೆ ಹೋಗಬೇಕಾಗಿದ್ದ ಕವರು ಗೋಡೆಯ ಆಚೆ ನಿಲ್ಲಿಸಿದ್ದ ಸ್ಕೂಟರಿನಲ್ಲಿತ್ತು.

ಅರ್ಧ ಇಳಿದ ಮೇಲೆ ತಲೆಯ ಕಡೆ ಪೆಟ್ಟಿಗೆ ಕಲ್ಲಿಗೆ ಸಿಕ್ಕಿಕೊಂಡಿತು. ಪೆಟ್ಟಿಗೆ ವಾಲಿ ಭಾರವೆಲ್ಲ ನನ್ನ ಕಡೆ ಬಂತು. ಹಗ್ಗ ಅಂಗೈಯಲ್ಲಿ ಜಾರಿ ಉರಿಯಿತು. ಮೊಣಕಾಲೂರಿ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದ ಬಾಬು, “ತಲೆಯ ಹಗ್ಗ ಎಳೀರಿ” ಎಂದ. ಅಲ್ಲಿ ಯಾರೂ ಇಲ್ಲ ಎನ್ನಲು ನಾನು ತಲೆಯೆತ್ತಿದೆ.

ಮುಚ್ಚಳದ ಮೇಲೆ ಸುತ್ತಿಟ್ಟ ಹಗ್ಗ ಇರಲಿಲ್ಲ. ಅದು ಬಿಗಿದು, ಗುಂಡಿಯ ಅಂಚಿನಿಂದ ಓರೆಯಾಗಿ ಮೇಲಕ್ಕೆ, ಒಬ್ಬ ಮನುಷ್ಯನ ಎದೆಯ ಎತ್ತರಕ್ಕೆ ಹೋಗಿತ್ತು. ವಯಸ್ಸಾದವರ ಕೈಯಲ್ಲಿ ನಡುಗುವ ಹಾಗೆ ಸಣ್ಣಗೆ ನಡುಗುತ್ತಿತ್ತು. ಮನುಷ್ಯನನ್ನು ನಾನು ಕಾಣಲಿಲ್ಲ. ಕಂಡೆ ಎಂದು ಹೇಳುವುದೂ ಇಲ್ಲ. ಕಂಡದ್ದು ಹಗ್ಗ. ಪೆಟ್ಟಿಗೆಯ ತಲೆ ಒಂದಂಗುಲ ಎದ್ದು, ಕಲ್ಲು ಬಿಟ್ಟು, ನೆಟ್ಟಗೆ ಕೆಳಗಿಳಿಯಿತು. ಆಮೇಲೆ ಆ ಹಗ್ಗ ಸಡಿಲಾಗಿ ಗುಂಡಿಯೊಳಗೆ ಬಿತ್ತು. ನಾವೂ ನಮ್ಮ ನಮ್ಮ ಹಗ್ಗ ಬಿಟ್ಟೆವು.

ಸಂಜೆ ಕಾಕನ ಅಂಗಡಿಯಲ್ಲಿ ಚಹಾ ಕುಡಿಯುವಾಗ ನಾನೇ ಕೇಳಿದೆ, ತಲೆಯ ಹಗ್ಗ ಎಳೆದದ್ದು ಯಾರು ಎಂದು. ವರ್ಗೀಸಣ್ಣ ನನ್ನ ಮುಖ ನೋಡಿದರು.

“ನೀವೇ ಅಲ್ವಾ ಮಾಷ್ಟ್ರೆ. ನನ್ನ ಪಕ್ಕದಲ್ಲೇ ಇದ್ರಲ್ಲ.”

ಇಸ್ಮಾಯಿಲ್ ಕಾಕ ಗ್ಲಾಸು ತೊಳೆಯುತ್ತಾ, “ಪ್ರಾಯ ಆದವರ ಹಾಗೆ ಏದುಸಿರು ಬಿಡ್ತಾ ಇದ್ರಿ ನೀವು. ಬೇಸರ ಉಂಟು ಅಂತ ನಾನು ಮಾತಾಡ್ಲಿಲ್ಲ” ಎಂದರು.

ಹಾಗಾದರೆ ಕಾಲಿನ ಕಡೆ ಯಾರಿದ್ದದ್ದು ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕಾಲಿನ ಕಡೆ ಯಾರೂ ಇರಲಿಲ್ಲ ಎಂದರು. ಎರಡನೆಯದು ಖಾಲಿ ಇತ್ತು. ದೊರೆ ಹಾಗೆಯೇ ಹೇಳಿದ್ದಿರಬೇಕು ಎಂದುಕೊಂಡಿದ್ದರಂತೆ. ನೆರೆಮನೆಯ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರು ಅದನ್ನೇ ಹೇಳಿದರು, ಇಬ್ಬರು ನೋಡಿರಲಿಲ್ಲ. ನನ್ನ ಜೇಬಿನಲ್ಲಿ ಎರಡನೇ ನಂಬರಿನ ಚೀಟಿ ಇತ್ತು. ಅಂಗೈ ಸುಲಿದಿತ್ತು. ಆದರೆ ಯಾವ ಹಗ್ಗದಿಂದ ಸುಲಿಯಿತು ಎಂದು ಅಂಗೈ ಹೇಳುವುದಿಲ್ಲ.

ಬೇರೆಯವರು ಇದನ್ನು ನನಗೆ ಹೇಳಿದ್ದರೆ ಉತ್ತರ ಸಿದ್ಧವಿತ್ತು. ತಪ್ಪಿತಸ್ಥ ಮನಸ್ಸು, ಬಿಸಿಲು, ಎರಡು ದಿನದ ನಿದ್ದೆಗೇಡು. ಬಾಬು ಕೂಗಿದಾಗ ನಾನೇ ಓಡಿಹೋಗಿ ತಲೆಯ ಹಗ್ಗ ಹಿಡಿದಿರಬೇಕು, ಮುಟ್ಟಬೇಡಿ ಎಂದ ಹಗ್ಗ ಮುಟ್ಟಿದ್ದನ್ನು ಆಮೇಲೆ ಮರೆತಿರಬೇಕು. ಇದು ಸರಿಯಾದ ವಿವರಣೆ. ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಿದ್ದೆ.

ಶುಕ್ರವಾರ ಆ ಕವರನ್ನು ಪುತ್ತೂರಿನಲ್ಲಿ ಅಂಚೆಗೆ ಹಾಕಿದೆ. ಅದನ್ನು ಇನ್ನೊಂದು ಕವರಿನೊಳಗಿಟ್ಟು, ನಿನ್ನೆ ಸಮಾಧಿಯಾಯಿತು ಎಂದು ಒಂದು ಸಾಲು ಬರೆದು, ನನ್ನ ವಿಳಾಸ ಕೊಟ್ಟೆ. ತಡವಾದದ್ದನ್ನು ಬರೆಯಲಿಲ್ಲ. ಹಗ್ಗದ ಸುದ್ದಿಯನ್ನಂತೂ ಎತ್ತಲೇ ಇಲ್ಲ. ಏಳೆಂಟು ವಾರಗಳ ಮೇಲೆ ನನಗೆ ಅಲೆಕ್‌ನಿಂದ ಒಂದು ಪೋಸ್ಟ್ ಕಾರ್ಡ್ ಬಂತು. ನಡುಗುವ ಅಕ್ಷರ. ಎರಡೇ ಸಾಲು:

“ಚೀಟಿ ಸಿಕ್ಕಿತು. ಅವನು ಮೊದಲಿನಷ್ಟು ಭಾರ ಇರಲಿಲ್ಲ.”

ಬೆನ್ನ ಮೇಲೆ ಹೊತ್ತ ಮಾತಿಗೆ ಅದು ಉತ್ತರವಿರಬಹುದು. ಕಾಯಿಲೆಯಲ್ಲಿ ಆಂಗಸ್ ಮಗುವಿನಷ್ಟು ಇಳಿದುಹೋಗಿದ್ದರು ಎಂದು ನಾವ್ಯಾರೂ ಬರೆದಿರಲಿಲ್ಲ, ಆದರೆ ಸಾಯುವ ಮುದುಕ ಹಗುರಾಗಿರುತ್ತಾನೆ ಎಂದು ಯಾರು ಬೇಕಾದರೂ ಊಹಿಸಬಹುದು. ಅಥವಾ ಅದು ಅವರ ಊರಿನ ಕಡೆಯ ತಮಾಷೆ. ಮೂರು ವರ್ಷ ಅಂಥ ತಮಾಷೆಗಳನ್ನು ಟೈಪ್ ಮಾಡಿದವನು ನಾನು. ಗೊತ್ತಾಗದಿದ್ದಾಗ ಕೇಳಲು ಆಗ ಒಬ್ಬರಿದ್ದರು.

ಕೊನೆಗೆ ಅಲೆಕ್‌ಗೆ ಎಲ್ಲವನ್ನೂ ಬರೆದೆ. ನಿಮ್ಮ ತಮ್ಮ ಉತ್ತರಕ್ಕೆ ಕಾಯುತ್ತಾ ಸತ್ತರು, ಪತ್ರ ಆಗ ನನ್ನ ಸ್ಕೂಟರಿನಲ್ಲೇ ಇತ್ತು, ಆ ಗುರುವಾರ ನೀವು ಎಲ್ಲಿದ್ದಿರಿ ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ನನ್ನ ಚೀಟಿ ಈಗಲೂ ಪರ್ಸಿನಲ್ಲಿದೆ. ಯಾರೂ ಇಲ್ಲದಾಗ ತೆಗೆದು ನೋಡುತ್ತೇನೆ, ಅದರಲ್ಲಿರುವ ನಂಬರು ಎರಡೇ ಹೌದಾ ಎಂದು.