ಯಮನಿಗೆ ಹೇಳಿದ ಹೆಸರು

ಆಸ್ಪತ್ರೆಯಲ್ಲಿ ನನ್ನ ಬ್ಯಾಜಿನ ಮೇಲೆ ‘ಸಿಸ್ಟರ್ ಟಿ.’ ಎಂದಷ್ಟೇ ಇತ್ತು. ಬೇಕೆಂದೇ ಹಾಗೆ ಬರೆಸಿದ್ದೆ. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು ನಮ್ಮಜ್ಜಿ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ತಿಪ್ಪವ್ವ ಎಂದು ಹೆಸರಿಟ್ಟಳು. ಕಸ ಅಂದುಕೊಂಡು ಯಮ ಬಿಟ್ಟು ಹೋಗಲಿ ಅಂತ. ಯಮ ಬಿಟ್ಟ, ಸಾಲಿಯ ಹುಡುಗರು ಬಿಡಲಿಲ್ಲ.

ಸಿಂದಗಿಯ ಹೆರಿಗೆ ವಾರ್ಡಿನಲ್ಲಿ ಒಬ್ಬ ಮುದುಕಿ, ಆಗಷ್ಟೇ ಹುಟ್ಟಿದ ಮೊಮ್ಮಗಳನ್ನು ನನ್ನಿಂದ ಇಸಿದುಕೊಳ್ಳುತ್ತ ಕೇಳಿದಳು, “ನಿಮ್ಮ ಹೆಸರೇನ್ರಿ ಬಾಯಾರ?”

“ತಿಪ್ಪವ್ವ” ಎಂದು ಗೊಣಗಿದೆ.

ನಗುತ್ತಾಳೆ ಅಂದುಕೊಂಡೆ. ಆಕೆ ಕೂಸನ್ನು ಮತ್ತೆ ನನ್ನ ಕೈಗೇ ಕೊಟ್ಟಳು. “ನಮ್ಮ ಸೊಸಿಗೂ ಎರಡು ಹೋಗ್ಯಾವ್ರಿ. ನೀವು ಉಳದೀರಿ. ಇದರ ಕಿವ್ಯಾಗ ನಿಮ್ಮ ಹೆಸರು ಹೇಳ್ರಿ.”

ಮಂಚದಿಂದ ಸೊಸೆ ಅಂದಳು, “ಅತ್ತಿ, ಆದ್ಯಾ ಅಂತ ಇಡೂದು ಆಗೇತಲ್ರಿ?”

“ಆಧಾರ್ ಕಾರ್ಡಿಗೆ ಅದನ್ನ ಇಡು. ಯಮಗ ಇದು.”

ಕೂಸಿನ ಕಿವಿಗೆ ಬಾಯಿಟ್ಟು ಮೂರು ಸಲ ಹೇಳಿದೆ. ಆ ಹೆಸರನ್ನು ಅಷ್ಟು ಪ್ರೀತಿಯಿಂದ ನಾನು ಹಿಂದೆಂದೂ ಹೇಳಿರಲಿಲ್ಲ. ನಮ್ಮಜ್ಜಿಯೂ ಅಂದು ಹೀಗೇ ಹೇಳಿರಬೇಕು.

ಈಗ ಬ್ಯಾಜಿನ ಮೇಲೆ ಪೂರ್ತಿ ಹೆಸರಿದೆ, ದೊಡ್ಡ ಅಕ್ಷರದಲ್ಲಿ. ನಮ್ಮ ವಾರ್ಡಿಗೆ ಯಮ ಬಂದರೆ ಬಾಗಿಲಲ್ಲೇ ಓದಿಕೊಂಡು ಹೋಗಲಿ.