ನಲವತ್ತೊಂದರಲ್ಲೇ ನಿಂತ ಅಂಕಿ

ಕೂಲರಿನ ಹಳೇ ಪಂಪಿಗೆ ನೂರ ಎಂಬತ್ತು ರೂಪಾಯಿ. ಗುಜರಿಯಲ್ಲಿ ಸಿಕ್ಕ ಜೀಪಿನ ರೇಡಿಯೇಟರಿಗೆ ಮುನ್ನೂರೈವತ್ತು. ತಾಮ್ರದ ಕೊಳವೆಗೆ ಇನ್ನೂರ ನಲವತ್ತು, ಎರಡು ಫ್ಯಾನಿಗೆ ನೂರ ಮೂವತ್ತು. ಶಾಖ ಅಳೆದು ಫ್ಯಾನು ಓಡಿಸುವ ಕಾರ್ಡನ್ನು ಪುಣೆಯಿಂದ ತಂದದ್ದು, ಅದಕ್ಕೆ ನಾಲ್ಕು ಸಾವಿರದ ಇನ್ನೂರು. ಒಟ್ಟು ಐದು ಸಾವಿರದ ನೂರು. ಆ ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳಿಯುವಂತೆ ಮಾಡಿದ ಪ್ರೋಗ್ರಾಮಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಬರೆದವರೂ ಕೇಳಲಿಲ್ಲ.

ಬರೆದವರು ದಾಮೋದರ ಜೇವೂರಕರ. ವಯಸ್ಸು ನಲವತ್ತೇಳು, ಮನೆ ಸೊಲ್ಲಾಪುರದ ನವಿ ಪೇಠದ ಹಿಂದಿನ ಓಣಿಯಲ್ಲಿ. ಈ ಮೇ ತಿಂಗಳಿನ ಬೆಳಗಿನ ಐದೂವರೆಗೆ ಅವರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯ ಹಿಂದಿನ ಕೋಣೆಯ ಬೀಗ ತೆಗೆಯುತ್ತಾರೆ. ಮೇಲೆ ತಗಡು, ಒಳಗೆ ರಾತ್ರಿಯ ಸೆಕೆ ಇನ್ನೂ ಹಾಗೇ ಇದೆ. ಮೊದಲು ಅಂಗೈಯನ್ನು ಕೊಳವೆಗೆ ಒತ್ತುತ್ತಾರೆ. ಆಮೇಲೆ ಪಾದರಸದ ಥರ್ಮಾಮೀಟರು ಇಡುತ್ತಾರೆ. ಪರದೆ ನೋಡುವುದು ಕೊನೆಗೆ. ಮೂವತ್ತಾರು ಡಿಗ್ರಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ರಾತ್ರಿಯವರೆಗೆ ಹೀಗೆ ಇಪ್ಪತ್ತೆಂಟು ಸಲ.

ದಾಮೋದರ ನೋಡಿಕೊಳ್ಳುವ ಈ ಕೋಣೆಯ ಕಂಪ್ಯೂಟರಿನೊಳಗೆ ಟವೆಲು, ಚಾದರಗಳ ನಕ್ಷೆಗಳಿವೆ. ಅದು ಹೇಳಿದಂತೆ ಪಕ್ಕದ ಯಂತ್ರ ರಟ್ಟಿನ ಕಾರ್ಡುಗಳಿಗೆ ತೂತು ಕೊರೆಯುತ್ತದೆ, ಆ ತೂತಿನಂತೆ ಮಗ್ಗದಲ್ಲಿ ನವಿಲು, ಗಿಣಿ, ಕಮಲ ಮೂಡುತ್ತವೆ. ಗಾಳಿಯಲ್ಲೆಲ್ಲ ಹತ್ತಿಯ ಧೂಳು. ಫ್ಯಾನು ಹಾಕಿ ಹೊರಗಿನ ಗಾಳಿ ಒಳಗೆ ಬಿಟ್ಟರೆ ಎಂಟು ದಿನದಲ್ಲಿ ಕಂಪ್ಯೂಟರಿನ ಹೊಟ್ಟೆ ಹಾಸಿಗೆಯಂತೆ ತುಂಬುತ್ತದೆ. ಅದಕ್ಕೇ ಪೆಟ್ಟಿಗೆ ಮುಚ್ಚಿ, ಒಳಗೆ ನೀರಿನ ಕೊಳವೆ ಸುತ್ತಿ, ಕಾದ ನೀರನ್ನು ಗೋಡೆಯಾಚೆಯ ರೇಡಿಯೇಟರಿನಲ್ಲಿ ಆರಿಸುವ ಏರ್ಪಾಡು.

ಶಾಖ ಅಳೆಯುವ ಕಾರ್ಡು ಮಾಡಿದ ಕಂಪನಿ ಮುಚ್ಚಿಹೋಗಿದೆ. ಅದು ಕೊಟ್ಟ ಫ್ಲಾಪಿ ಹಳೇ ಡಾಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಕಾರ್ಖಾನೆಯವರು ಅದರ ಬದಲು ಲಿನಕ್ಸ್ ಹಾಕಿದ ದಿನವೇ ಕಾರ್ಡು ಮೂಕವಾಯಿತು. ಆಪರೇಟಿಂಗ್ ಸಿಸ್ಟಮ್ಮಿಗೂ ಕಾರ್ಡಿಗೂ ನಡುವೆ ದುಭಾಷಿ ಬೇಕು, ಅದನ್ನೇ ಡ್ರೈವರ್ ಎನ್ನುತ್ತಾರೆ. ಟೈಪಿಂಗ್ ಕ್ಲಾಸಿನಲ್ಲಿ ಮೂವತ್ತೆಂಟನೆಯ ವಯಸ್ಸಿಗೆ ಕಂಪ್ಯೂಟರು ಕಲಿತಿದ್ದ ದಾಮೋದರ ಆ ದುಭಾಷಿಯನ್ನು ತಾವೇ ಬರೆಯಲು ಕೂತರು.

"ಕಾರ್ಡಿನಿಂದ ಬರೇ ಅಂಕಿ ಬರ್ತಿದ್ವು. ಯಾವುದು ಶಾಖ, ಯಾವುದು ಫ್ಯಾನು, ಹೇಳಾವ್ರು ಯಾರಿಲ್ಲ," ಎನ್ನುತ್ತಾರೆ. "ಸೆನ್ಸರು ಐಸಿನಾಗ ಇಟ್ಟೆ, ಕಂಕುಳಾಗ ಹಿಡಕೊಂಡೆ, ಕಡೀಕ ಚಹಾದಾಗ ಅದ್ದಿದೆ. ಯಾವ ಅಂಕಿ ಕುಣೀತು ನೋಡಿ ಬರಕೊಂಡೆ. ಮನ್ಯಾಗ ಹೆಂಡ್ತಿ ವೇಣೂಬಾಯಿ ಅಂದ್ಲು, ಚಹಾ ಕುಡಿಯೂದು ಬಿಟ್ಟು ಅದಕ್ಕೇನು ಜ್ವರ ನೋಡ್ತೀರಿ ಅಂತ."

ಮೂರು ತಿಂಗಳ ಭಾನುವಾರಗಳು ಹೋದವು. ಡ್ರೈವರು ನಡೆಯಿತು. ನಲವತ್ತೈದು ದಾಟಿದರೆ ಫ್ಯಾನು ಜೋರಾಗಬೇಕು, ಐವತ್ತೈದಕ್ಕೆ ಕಂಪ್ಯೂಟರು ತಾನೇ ಮುಚ್ಚಿಕೊಳ್ಳಬೇಕು. ಅವೆರಡೂ ಸರಿಯಿದ್ದವು. ತಪ್ಪು ಪ್ರೋಗ್ರಾಮಿನ ಇನ್ನೊಂದು ಸಾಲಿನಲ್ಲಿತ್ತು.

ಹಿಂದೆ ಹನ್ನೊಂದು ವರ್ಷ ದಾಮೋದರ ಮನೆಮನೆ ತಿರುಗಿ ವಿದ್ಯುತ್ ಮೀಟರು ಓದಿದವರು. ಮನೆಗೆ ಬೀಗ ಇದ್ದರೆ ಹಿಂದಿನ ತಿಂಗಳ ಅಂಕಿಯನ್ನೇ ಬರೆದು ಮುಂದಿನ ಬಾಗಿಲಿಗೆ ಹೋಗುವುದು ಆ ಕೆಲಸದ ರೂಢಿ. ಪುಸ್ತಕದಲ್ಲಿ ಖಾಲಿ ಜಾಗ ಬಿಟ್ಟರೆ ಸಾಹೇಬರು ಬೈಯುತ್ತಿದ್ದರು. ಡ್ರೈವರಿನಲ್ಲೂ ಅವರು ಅದನ್ನೇ ಬರೆದರು: ಸೆನ್ಸರು ಉತ್ತರ ಕೊಡದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸು.

ಹೋದ ವರ್ಷ ಏಪ್ರಿಲಿನಲ್ಲಿ ಸೆನ್ಸರಿನ ತಂತಿಯ ಬೆಸುಗೆ ಬಿಟ್ಟಿತು. ಯಾವ ದಿನ ಎಂದು ಯಾರಿಗೂ ಗೊತ್ತಾಗಲಿಲ್ಲ, ಪರದೆ ನಲವತ್ತೊಂದು ಎನ್ನುತ್ತಲೇ ಇತ್ತು. ಒಂದು ಮಧ್ಯಾಹ್ನ ಬೋರಿನ ಸವಳು ನೀರಿಗೆ ಪಂಪು ಹಿಡಿದುಕೊಂಡು ನಿಂತಿತು. ಒಳಗೆ ಡಿಸ್ಕು ಬೇಯುತ್ತಿತ್ತು, ಹೊರಗೆ ನಲವತ್ತೊಂದು. ಸುಟ್ಟ ವಾಸನೆ ಬಂದಾಗಲೂ ಪರದೆ ಕಪ್ಪಾಗುವ ಮೊದಲು ಕಾಣಿಸಿದ್ದು ನಲವತ್ತೊಂದೇ.

ಆ ಡಿಸ್ಕಿನಲ್ಲಿದ್ದವು ಸಾವಿರದ ನೂರ ನಲವತ್ತು ನಕ್ಷೆಗಳು. ಎಲ್ಲವೂ ಒಬ್ಬರ ಕೈಯವು. ಅಕ್ಕಲಕೋಟ ತಾಲೂಕಿನ ಹನ್ನೂರದ ಸಿದ್ದಣ್ಣ ನಲವತ್ತು ವರ್ಷ ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆದವು. ಕಂಪ್ಯೂಟರಿಗೆ ಏರಿಸಿದ ಮೇಲೆ ಕಾಗದಗಳನ್ನು ಕಾರ್ಖಾನೆ ರದ್ದಿಗೆ ಹಾಕಿತ್ತು. ಮಗ್ಗಗಳ ಮೇಲೆ ಇನ್ನೂ ತೂಗುತ್ತಿದ್ದ ಹಳೇ ರಟ್ಟುಗಳ ತೂತು ಎಣಿಸಿ ದಾಮೋದರ ಇನ್ನೂರ ಹನ್ನೆರಡನ್ನು ತಿರುಗಿ ಪಡೆದರು. ಉಳಿದ ಒಂಬೈನೂರ ಇಪ್ಪತ್ತೆಂಟು ಹೋದವು. ಸಿದ್ದಣ್ಣನವರಿಗೆ ಎಪ್ಪತ್ತನಾಲ್ಕು. ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿತ್ತು.

ಸುದ್ದಿ ಹೇಳಲು ದಾಮೋದರರೇ ಹೋದರು. ಅಕ್ಕಲಕೋಟದಲ್ಲಿ ಬಸ್ಸು ತಪ್ಪಿ ಹನ್ನೂರದವರೆಗೆ ಬಿಸಿಲಲ್ಲಿ ನಡೆದರು.

"ಕಣ್ಣು ಹ್ವಾದಾಗ ನಾ ಅಳಲಿಲ್ಲೋ ದಾಮೂ," ಎಂದರು ಸಿದ್ದಣ್ಣ. "ಕಾಗದದ ಮ್ಯಾಲ ಅದಾವಲ್ಲ ಅಂತಿದ್ದೆ. ಕಾಗದ ರದ್ದಿಗಿ ಹಾಕಿದ್ರಿ, ಕಂಪ್ಯೂಟರಿನ್ಯಾಗ ಅದಾವು ಅಂದ್ರಿ. ಈಗ ಎಲ್ಲಿ ಅದಾವ ಹೇಳು."

ಹೆಂಡತಿ ಗಂಗುಬಾಯಿ ಒಳಗಿಂದ ಕೂಗಿದರು: "ಊಟ ಮಾಡಿಸಿ ಬೈರಿ ಅವಗ. ನಡಕೊಂತ ಬಂದಾನ."

ಸೊಲ್ಲಾಪುರಕ್ಕೆ ಮರಳಿದ ದಾಮೋದರ ಹೊಸ ಡಿಸ್ಕು ಹಾಕಿ, ಹಿಂದಿನ ಅಂಕಿ ತೋರಿಸುವ ಆ ಸಾಲನ್ನು ಅಳಿಸಿದರು. ಈಗ ಸೆನ್ಸರು ಹತ್ತು ಸೆಕೆಂಡು ಉತ್ತರ ಕೊಡದಿದ್ದರೆ ಪರದೆಯ ಮೇಲೆ ಮೂರು ಗೆರೆ ಬರುತ್ತವೆ, ಎರಡೂ ಫ್ಯಾನು ಜೋರಾಗುತ್ತವೆ, ಕಂಪ್ಯೂಟರು ಮುಚ್ಚಿಕೊಳ್ಳುತ್ತದೆ. ಆದರೆ ಬೆಸುಗೆ ಹಾಕಿದ ಆ ಹಳೇ ಸೆನ್ಸರು ದಿನದಿನಕ್ಕೆ ಸಾಯುತ್ತಿದೆ. ಅದರ ಜೋಡಿ ಎಲ್ಲೂ ಸಿಗುವುದಿಲ್ಲ. ಪೇಟೆಯಲ್ಲಿರುವ ಹೊಸ ಕಾರ್ಡುಗಳಿಗೆ ಲಿನಕ್ಸ್‌ನಲ್ಲಿ ಡ್ರೈವರಿಲ್ಲ. ಈ ತಿಂಗಳು ಐದು ಸಲ ಕೆಲಸ ನಿಂತಿದೆ.

ಒಂಬತ್ತು ಗಂಟೆಗೆ ಮಾಲಕ ಪರಾಗಶೇಟ ಕೋಣೆಗೆ ಬರುತ್ತಾರೆ. ವಯಸ್ಸು ಇಪ್ಪತ್ತೊಂಬತ್ತು, ಕೆಟ್ಟವರಲ್ಲ, ತಲೆಯ ಮೇಲೆ ಬ್ಯಾಂಕು ಕೂತಿದೆ.

"ಕಾಕಾ, ನಿನ್ನಿ ಮತ್ತ ಬಂದ್ ಬಿತ್ತು. ನೂರಾ ಎಂಬತ್ತು ರಟ್ಟಿನ ಕಾರ್ಡು ಅರ್ಧಕ್ಕ ಕೊರದು ವಾಯಾ ಹೋದ್ವು. ಆ ಹಳೇ ಅಂಕಿ ತೋರ್ಸೂದು ಪರತ ಹಾಕ್ರಿ."

"ಹಾಕಂಗಿಲ್ಲ."

"ಮಗ್ಗದವ್ರು ಖಾಲಿ ಕುಂತಾರ. ಅವರ ಪಗಾರ ನೀವು ಕೊಡ್ತೀರೇನು?"

"ನನ್ನ ಪಗಾರದಾಗ ಕಡೀರಿ. ಸುಳ್ಳ ಅಂಕಿ ತೋರ್ಸಂಗಿಲ್ಲ."

"ಮಶೀನಿಗಿ ಪಾಪ ಹತ್ತತದೇನು ಕಾಕಾ?"

"ಮಶೀನಿಗಿ ಹತ್ತಂಗಿಲ್ರಿ. ಬರದವಗ ಹತ್ತತದ."

ಪರಾಗಶೇಟ ಬಾಗಿಲ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ನೋಡುತ್ತಾರೆ. ಜೂನ್ ಒಂದರಿಂದ ಬರುವುದು ಬೇಡ, ಪುಣೆಯಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಮೆಲ್ಲಗೆ ಹೇಳುತ್ತಾರೆ. ದಾಮೋದರ ತಲೆಯಾಡಿಸಿ ಮುಂದಿನ ಅಂಕಿ ಬರೆಯುತ್ತಾರೆ. ಬೆಳಗಿನ ಒಂಬತ್ತೂಕಾಲು, ಮೂವತ್ತೊಂಬತ್ತು.

ಭಾನುವಾರ ಅವರು ಹನ್ನೂರದಲ್ಲಿರುತ್ತಾರೆ. ಒಂದು ವರ್ಷದಿಂದ ತಪ್ಪಿಸಿಲ್ಲ. ಪಡಸಾಲೆಯಲ್ಲಿ ಸಿದ್ದಣ್ಣ ಗೋಡೆಗೆ ಒರಗಿ, ಕಣ್ಣಿಲ್ಲದ ಮುಖ ಮೇಲೆತ್ತಿ, ನೆನಪಿನಿಂದ ನಕ್ಷೆ ಹೇಳುತ್ತಾರೆ. ಎದುರಿಗೆ ಚೌಕಳಿ ಕಾಗದ ಹರವಿಕೊಂಡು ದಾಮೋದರ 'ಎತ್ತು' ಎಂದಲ್ಲಿ ಮನೆ ತುಂಬುತ್ತಾರೆ.

"ಮೂರು ಎತ್ತು, ಎರಡು ಬಿಡು, ಒಂದು ಎತ್ತು. ಓದು."

ದಾಮೋದರ ಓದುತ್ತಾರೆ.

"ತಪ್ಪು ಹೊಡದಿ. ಹಂಗ ನೇಯ್ದರ ಗಿಣಿ ಕೊಕ್ಕು ಕೋಳೀದಾಗತದ. ಟವೆಲ್ ತಗೊಂಡಾಕಿ ಕುಯ್ದು ಸಾರು ಮಾಡ್ಯಾಳು." ಗಂಗುಬಾಯಿ ನಗುತ್ತಾರೆ. ಸಿದ್ದಣ್ಣ ಮುಂದಿನ ಸಾಲಿಗೆ ಬೆರಳು ಮಡಿಸಿ ಎಣಿಸುತ್ತಾರೆ, ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಕೊನೆಗೆ, "ಇದು ನೆನಪಿಲ್ಲಪಾ," ಎನ್ನುತ್ತಾರೆ. "ನೀನೇ ಏನರೆ ತುಂಬು, ಯಾರು ನೋಡ್ತಾರ."

"ಖಾಲಿ ಇರ್ಲಿ ಬಿಡ್ರಿ ಸಿದ್ದಣ್ಣ," ಎನ್ನುತ್ತಾರೆ ದಾಮೋದರ. "ನೆನಪಾದಾಗ ಹೇಳ್ರಿ. ನಾ ಬರ್ತೀನಿ."

ಜೂನಿನಿಂದ ಅವರಿಗೆ ಕೆಲಸವಿಲ್ಲ. ನಕ್ಷೆ ಏರಿಸಲು ಕಂಪ್ಯೂಟರೂ ಇಲ್ಲ. ಒಂಬೈನೂರ ಇಪ್ಪತ್ತೆಂಟರಲ್ಲಿ ಈ ಒಂದು ವರ್ಷದಲ್ಲಿ ಕಾಗದಕ್ಕೆ ಮರಳಿದ್ದು ಒಂಬತ್ತು. ಪೂರ್ತಿ ತುಂಬಿರುವುದು ನಾಲ್ಕು.